ಓದುಗರ ಪ್ರಶ್ನೆ: ಮಾರ್ಗೋ ಅಂದರೆ ಬೇವಿನ ಸೋಪಾ?

ಪ್ರಶ್ನೆ: ನಮಸ್ಕಾರ ರೀ. ನನ್ನ ಮಗ ಫ್ರಾನ್ಸಿನ ತುಲೂಸ್‌ನಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಅಲ್ಲಿಯವಳೇ. ಚೊಚ್ಚಲ ಹೆಣ್ಣು ಕೂಸು ಹುಟ್ಟಿದೆ. ಹುಟ್ಟಿದ ವಾರದೊಳಗೇ ಅಲ್ಲಿನ ಆಫೀಸಿಗೆ ಹೋಗಿ ಮಾರ್ಗೋ ಅಂತ ಹೆಸರು ಬರೆಸಿಬಿಟ್ಟಿದ್ದಾರೆ, ನಮ್ಮನ್ನು ಒಂದು ಮಾತು ಕೇಳಲಿಲ್ಲ. ಓಣಿಯಲ್ಲಿ ಹೇಳಿದರೆ "ಅಯ್ಯ, ಬೇವಿನ ಸೋಪಿನ ಹೆಸರಲ್ಲೇನ್ರೀ ಅದು" ಅಂತ ನಗುತ್ತಾರೆ. ಎದುರು ಮನೆಯವರಂತೂ "ಮಡಗಾಂವ್ ಟ್ರೇನ್‌ನಾಗ ಹುಟ್ಟೇತೇನು" ಅಂದರು. ನಮ್ಮ ಯಜಮಾನರು ಮಾರ್ಗ ಅಂದರೆ ದಾರಿ, ಒಳ್ಳೆಯ ಸಂಸ್ಕೃತ ಹೆಸರೇ ಅದು ಅಂತ ಸಮಾಧಾನ ಮಾಡುತ್ತಿದ್ದಾರೆ. ಸೊಸೆಯನ್ನು ಕೇಳಿದರೆ ಅದು ತನ್ನ ಅಜ್ಜಿ ಮಾರ್ಗರೀತ್ ಹೆಸರು ಅಂತಾಳೆ. ಎರಡೂ ಒಂದೇ ಹೆಸರು ಹೇಗಾಗುತ್ತದೆ? ಅರ್ಥ ಏನು? ಮೇ ತಿಂಗಳಲ್ಲಿ ಬಂದಾಗ ಇಲ್ಲಿ ತೊಟ್ಟಿಲಿಗೆ ಹಾಕಬೇಕು ಅಂತಿದ್ದೇವೆ. ಆಗ ಬೇರೆ ಹೆಸರು ಕರೆಯಬಹುದಾ?
— ಹೊಸ ಅಜ್ಜಿ, ಮಾಳಮಡ್ಡಿ, ಧಾರವಾಡ

ಉತ್ತರ: ಅಕ್ಕಾವ್ರೇ, ಮೊದಲು ಕೂಸಿಗೆ ನಮ್ಮ ಕಡೆಯಿಂದಲೂ ಒಂದು ದೃಷ್ಟಿ ತೆಗೆದುಬಿಡಿ. ಅದರ ಹೆಸರಿನ ಅರ್ಥ ಮುತ್ತು. ಸೋಪೂ ಅಲ್ಲ, ದಾರಿಯೂ ಅಲ್ಲ, ಮಡಗಾಂವ್ ಅಂತೂ ಮೊದಲೇ ಅಲ್ಲ.

ನಿಮ್ಮ ಸೊಸೆ ಹೇಳಿದ್ದು ಸರಿ. ಮಾರ್ಗೋ ಅನ್ನೋದು ಮಾರ್ಗರೀತ್ ಹೆಸರಿನ ಮುದ್ದಿನ, ಮೊಟಕು ರೂಪ. ನಮ್ಮಲ್ಲಿ ಮಲ್ಲಿಕಾರ್ಜುನ ಮನೆಯಲ್ಲಿ ಮಲ್ಲು ಆಗುತ್ತಾನೆ, ಪಾರ್ವತಿ ಪಾರೂ ಆಗುತ್ತಾಳೆ, ಅಲ್ವಾ? ಫ್ರೆಂಚರು ಹೆಸರಿನ ಬಾಲ ಕತ್ತರಿಸಿ ಅಲ್ಲಿ 'ಓ' ಅಂತ ಒಂದು ತುಣುಕು ಅಂಟಿಸುತ್ತಾರೆ. ಪಿಯೆರ್ ಹೋಗಿ ಪಿಯೆರೋ, ಶಾರ್ಲ್ ಹೋಗಿ ಶಾರ್ಲೋ. ನಮ್ಮ ಚಾರ್ಲಿ ಚಾಪ್ಲಿನ್‌ನನ್ನು ಫ್ರಾನ್ಸಿನವರು ಇವತ್ತಿಗೂ ಕರೆಯೋದು ಶಾರ್ಲೋ ಅಂತಲೇ. ಬರೆಯುವಾಗ ಈ ತುಣುಕಿನ ಕೊನೆಗೆ ಒಂದು 'ಟಿ' ಇರುತ್ತದೆ, ಓದುವಾಗ ಅದನ್ನು ನುಂಗಿಬಿಡುತ್ತಾರೆ. ಹಾಗಾಗಿ ಯಾರಾದರೂ ಇಂಗ್ಲಿಷ್ ಅಕ್ಷರ ನೋಡಿ "ಮಾರ್ಗೊಟ್" ಅಂದರೆ ತಿದ್ದಿ. ಸೊಸೆಯ ಬಾಯಲ್ಲಿ 'ರ' ಗಂಟಲಿನಿಂದ ಬರುತ್ತದೆ, ಕೇಳೋದಕ್ಕೆ ಹೆಚ್ಚುಕಡಿಮೆ "ಮಾಘ್‌ಗೋ" ಅಂದಹಾಗೆ ಇರುತ್ತದೆ. ಅದನ್ನು ಅನುಕರಿಸೋಕೆ ಹೋಗಿ ಕೆಮ್ಮು ತರಿಸಿಕೊಳ್ಳಬೇಡಿ, ನಮ್ಮ ಮಾರ್ಗೋ ಸಾಕು.

ಈಗ ಮಾರ್ಗರೀತ್ ಎಲ್ಲಿಂದ ಬಂತು ಅಂದರೆ, ಗ್ರೀಕ್ ಭಾಷೆಯಲ್ಲಿ ಮುತ್ತಿಗೆ ಮಾರ್ಗರೀತೇಸ್ ಅನ್ನುತ್ತಾರೆ. ಅದು ಲ್ಯಾಟಿನ್‌ಗೆ ಹೋಗಿ ಮಾರ್ಗರೀತಾ ಆಯ್ತು, ಫ್ರಾನ್ಸಿನಲ್ಲಿ ಮಾರ್ಗರೀತ್ ಆಯ್ತು, ಇಂಗ್ಲೆಂಡಿನಲ್ಲಿ ಮಾರ್ಗರೇಟ್ ಆಯ್ತು. ಆದರೆ ಈ ಮಾತು ಗ್ರೀಕರ ಸ್ವಂತದ್ದಲ್ಲ. ಮುತ್ತು ಅವರ ಸಮುದ್ರದ ಸರಕೇ ಅಲ್ಲವಲ್ಲ. ಅದು ಪರ್ಷಿಯಾ ಕೊಲ್ಲಿಯಿಂದ, ನಮ್ಮ ದಕ್ಷಿಣದ ಕಡಲಿನಿಂದ ಹೋಗುತ್ತಿದ್ದದ್ದು. ಸರಕಿನ ಜತೆಗೆ ಹೆಸರೂ ಪೂರ್ವದಿಂದಲೇ ಹೋಗಿದೆ ಅಂತ ಭಾಷಾ ಪಂಡಿತರು ಹೇಳುತ್ತಾರೆ. ಫಾರಸಿಯಲ್ಲಿ ಮುತ್ತಿಗೆ ಮರ್ವಾರೀದ್ ಅಂತಾರೆ, ಎರಡಕ್ಕೂ ಬೇರು ಒಂದೇ ಕಡೆಯದು. ಯುನಾನಿ ಔಷಧಿ ಅಂಗಡಿಗೆ ಹೋದವರು "ಖಮೀರಾ ಮರ್ವಾರೀದ್" ಅನ್ನೋ ಡಬ್ಬಿ ನೋಡಿರುತ್ತೀರಿ. ಮುತ್ತು ಅರೆದು ಸೇರಿಸಿ ಮಾಡಿದ ಲೇಹ್ಯ ಅದು. ನಿಮ್ಮ ಮೊಮ್ಮಗಳ ಹೆಸರಿನ ದೂರದ ನೆಂಟ ಆ ಡಬ್ಬಿಯ ಮೇಲೆ ಕೂತಿದ್ದಾನೆ. ಸಂಸ್ಕೃತದ ಮಂಜರಿಯ ಜತೆಗೂ ನಂಟಿದೆ ಅಂತ ಕೆಲವರು ವಾದಿಸುತ್ತಾರೆ. ಜಾಸ್ತಿ ಜನ ಒಪ್ಪೋದು ಪರ್ಷಿಯಾದ ಕಡೆಯ ದಾರಿಯನ್ನೇ.

ಆ ಕಾಲದಲ್ಲಿ ರೋಮಿನ ಹೆಂಗಸರಿಗೆ ಮುತ್ತಿನ ಹುಚ್ಚು ಎಷ್ಟಿತ್ತು ಅಂದರೆ, ಪ್ಲಿನಿ ಅನ್ನೋ ಬರಹಗಾರ ಸುಮಾರು 1,900 ವರ್ಷಗಳ ಹಿಂದೆಯೇ ತಲೆ ಚಚ್ಚಿಕೊಂಡಿದ್ದಾನೆ. ಭಾರತ, ಚೀನಾ, ಅರೇಬಿಯಾ ಸೇರಿ ವರ್ಷಕ್ಕೆ ನಮ್ಮ ರೋಮಿನ ಹತ್ತು ಕೋಟಿ ಸೆಸ್ಟರ್ಸ್ ನಾಣ್ಯ ಕಿತ್ತುಕೊಳ್ಳುತ್ತಿವೆ, ನಮ್ಮ ಹೆಂಗಸರ ಶೋಕಿಗೆ ಇಷ್ಟು ಖರ್ಚು ಅಂತ. ಹಂಪಿಯಲ್ಲಿ ಮುತ್ತು ರತ್ನ ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಬಳ್ಳದ ಮಾತು ಬಿಡಿ, 1520ರ ಆಸುಪಾಸಿನಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ಪೇಟೆಯಲ್ಲಿ ಮುತ್ತು ಮಾರುತ್ತಿದ್ದದ್ದನ್ನು ಬರೆದಿದ್ದಾನೆ.

ಸೋಪಿನ ಕಥೆ ಬೇರೆ, ಆದರೆ ಅದೂ ಮಜವಾಗಿದೆ. ಮಾರ್ಗೋ ಸೋಪನ್ನು 1920ರಲ್ಲಿ ಕಲ್ಕತ್ತಾ ಕೆಮಿಕಲ್ ಕಂಪನಿ ಶುರು ಮಾಡಿತು. ಬೇವಿಗೆ ಇಂಗ್ಲಿಷಿನಲ್ಲಿ ಮಾರ್ಗೋಸಾ ಅನ್ನುತ್ತಿದ್ದರು, ಅದರಿಂದ ಮಾರ್ಗೋ. ಮಾರ್ಗೋಸಾ ಬಂದದ್ದು ಪೋರ್ಚುಗೀಸರ ಅಮಾರ್ಗೋಸಾದಿಂದ. ಅಂದರೆ ಕಹಿ. ಹಾಗಾಗಿ ಸೋಪಿನ ಮಾರ್ಗೋ ಕಹಿ, ಕೂಸಿನ ಮಾರ್ಗೋ ಮುತ್ತು, ಬೇರೆಬೇರೆ ಕಡೆಯಿಂದ ಬಂದು ಒಂದೇ ಥರ ಕೇಳಿಸುತ್ತಿವೆ, ಅಷ್ಟೇ. ನಿಮ್ಮ ಯಜಮಾನರ ಸಂಸ್ಕೃತದ 'ಮಾರ್ಗ'ಕ್ಕೂ ಇದೇ ಮಾತು. ಹೆಸರುಗಳ ಅರ್ಥ ಹೇಳುವ ಪಟ್ಟಿಗಳು ಈಗ ಮೊಬೈಲ್ ತುಂಬಾ ಇವೆ, ಸದ್ದು ಒಂದೇ ಥರ ಕಂಡರೆ ಸಾಕು ಯಾವ ಹೆಸರನ್ನಾದರೂ ಸಂಸ್ಕೃತಕ್ಕೆ ಎಳೆದು ತಂದು ಕಟ್ಟುತ್ತಾರೆ. ನಂಬಬೇಡಿ. ಮಡಗಾಂವ್‌ನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ 'ಮಾರ್ಗಾ' ಅಂತ ಓದಿಸುವ ಅಕ್ಷರ ಇರೋದರಿಂದ ನಿಮ್ಮ ಎದುರು ಮನೆಯವರಿಗೆ ಹಾಗೆ ಹೊಳೆದಿರಬೇಕು, ಪಾಪ.

ಒಂದು ಸ್ಪೆಲ್ಲಿಂಗ್ ಮಾತ್ರ ಮಗನನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಇದೇ ಉಚ್ಚಾರಕ್ಕೆ ಕೊನೆಗೆ 'ಎ ಯು ಎಕ್ಸ್' ಬರೆಯೋ ಇನ್ನೊಂದು ಹೆಸರೂ ಅಲ್ಲಿ ಹುಡುಗಿಯರಿಗೆ ಇಡುತ್ತಾರೆ. ಅದು ಬೋರ್ಡೋ ಹತ್ತಿರದ ಒಂದು ಊರಿನ ಹೆಸರು, ಆ ಊರು ದುಬಾರಿ ವೈನಿಗೆ ಹೆಸರುವಾಸಿ. ಟಿಕೆಟ್, ವೀಸಾ, ಒಸಿಐ ಕಾರ್ಡು (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವಂಥದ್ದು) ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರಬೇಕು, ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ತಾಪತ್ರಯ. ಒಂದುವೇಳೆ ವೈನಿನ ಸ್ಪೆಲ್ಲಿಂಗೇ ಆಗಿದ್ದರೆ ಓಣಿಯಲ್ಲಿ ಮಾತ್ರ ಹೇಳಬೇಡಿ.

ಫ್ರಾನ್ಸಿನಲ್ಲಿ ಈ ಹೆಸರು ಎಷ್ಟು ಹಳೆಯದು ಅನ್ನೋದಕ್ಕೆ ಒಂದು ಮನೆತನ ನೋಡಿ. 1553ರಲ್ಲಿ ಹುಟ್ಟಿದ ರಾಜಕುಮಾರಿ ಮಾರ್ಗರೀತ್ ದ ವಾಲ್ವಾ. ಅವಳ ಅಜ್ಜನ ಅಕ್ಕನ ಹೆಸರೂ ಮಾರ್ಗರೀತ್, ದೊಡ್ಡ ಬರಹಗಾರ್ತಿ. ಸೋದರತ್ತೆಯ ಹೆಸರೂ ಮಾರ್ಗರೀತ್. ಮನೆ ತುಂಬಾ ಮುತ್ತುಗಳು. ಇವಳನ್ನು ಅಣ್ಣ, ದೊರೆ ಒಂಬತ್ತನೇ ಶಾರ್ಲ್, ಮಾರ್ಗೋ ಅಂತ ಕರೆಯುತ್ತಿದ್ದನಂತೆ. ಚರಿತ್ರೆಯಲ್ಲೂ ಅವಳು ರಾಣಿ ಮಾರ್ಗೋ ಅಂತಲೇ ಉಳಿದಳು. ಬದುಕು ಮಾತ್ರ ಮುತ್ತಿನಂಥದ್ದಲ್ಲ. ಕ್ಯಾಥೊಲಿಕ್ ಹುಡುಗಿಗೆ 1572ರ ಆಗಸ್ಟ್ 18ರಂದು ನವಾರ್ ಅನ್ನೋ ಪುಟ್ಟ ರಾಜ್ಯದ ಪ್ರಾಟೆಸ್ಟೆಂಟ್ ದೊರೆಯ ಜತೆ ಮದುವೆ ಮಾಡಿದರು, ಎರಡು ಪಂಗಡ ಒಂದಾಗಲಿ ಅಂತ. ಮದುವೆಗೆ ಬಂದ ಬೀಗರ ಕಡೆಯವರು ಇನ್ನೂ ಪ್ಯಾರಿಸ್‌ನಲ್ಲಿ ಇದ್ದರು, ಆರೇ ದಿನಕ್ಕೆ, 24ರಂದು, ಅವರನ್ನೆಲ್ಲ ಹುಡುಕಿ ಹುಡುಕಿ ಕೊಂದರು. ಸಾವಿರಾರು ಜನ ಸತ್ತರು. ಗಂಡನ ಜೀವ ಉಳಿಯಿತು. ಆ ಮದುವೆ 1599ರಲ್ಲಿ ರದ್ದಾಯಿತು, ಅಷ್ಟರಲ್ಲಿ ಅವನು ಫ್ರಾನ್ಸಿಗೇ ರಾಜನಾಗಿದ್ದ. ಅವಳು ತನ್ನ ನೆನಪುಗಳನ್ನು ತಾನೇ ಕೂತು ಬರೆದಳು. ಆ ಕಾಲದ ರಾಜಮನೆತನದ ಹೆಂಗಸು ಹಾಗೆ ಬರೆದಿಟ್ಟದ್ದು ಅಪರೂಪ.

1900ರ ಹೊತ್ತಿಗೆ ಮಾರ್ಗರೀತ್ ಫ್ರಾನ್ಸಿನಲ್ಲಿ ಮನೆಮನೆಯ ಹೆಸರು. ಆಮೇಲೆ ಅಜ್ಜಿಯರ ಹೆಸರು ಅನ್ನಿಸಿಕೊಂಡು ಹಿಂದೆ ಸರಿಯಿತು. ಮಾರ್ಗೋ ಹಾಗಲ್ಲ, ಈಗಿನ ಹುಡುಗಿಯರಿಗೂ ಇಡುತ್ತಾರೆ. ಆನ್ ಫ್ರಾಂಕ್ ಅಕ್ಕನ ಹೆಸರೂ ಮಾರ್ಗೋ. ಆಸ್ಟ್ರೇಲಿಯಾದ ನಟಿ ಮಾರ್ಗೋ ರಾಬಿ ಯಾರು ಅಂತ ಮನೆಯಲ್ಲಿ ಕಾಲೇಜು ಹುಡುಗರಿದ್ದರೆ ಅವರೇ ಹೇಳುತ್ತಾರೆ. ಇನ್ನೊಂದು ಗುಟ್ಟು. ಫ್ರಾನ್ಸಿನ ಹಳ್ಳಿ ಮಾತಿನಲ್ಲಿ ಕಾಗೆ ಜಾತಿಯ ಒಂದು ಕಪ್ಪು ಬಿಳಿ ಹಕ್ಕಿಗೆ, ದಿನವಿಡೀ ಚಟಪಟ ಅನ್ನುತ್ತಲೇ ಇರುತ್ತದೆ ಅದು, ಮಾರ್ಗೋ ಅಂತಲೇ ಅಡ್ಡಹೆಸರು. ಬಾಯಿ ಜೋರಿರುವ ಹೆಂಗಸಿಗೂ ಹಿಂದೆ ಹಾಗೆ ಅನ್ನುತ್ತಿದ್ದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮವರು ಎರಡನ್ನೂ ಒಟ್ಟಿಗೆ ಕಟ್ಟಿದ್ದಾರೆ, ನಿಮ್ಮ ಮೊಮ್ಮಗಳು ಎರಡರಲ್ಲೂ ಮುಂದಿರಲಿ ಬಿಡಿ.

ಈಗ ನಿಮ್ಮ ಸಿಟ್ಟಿನ ವಿಷಯ. "ನಮ್ಮನ್ನು ಕೇಳಲಿಲ್ಲ" ಅಂದಿರಿ. ಮಗನ ಪರ ವಕಾಲತ್ತು ಅಂದುಕೊಳ್ಳಬೇಡಿ, ಆದರೆ ಅಲ್ಲಿನ ಕಾಯಿದೆ ಹಾಗಿದೆ. ಮಗು ಹುಟ್ಟಿದ 5 ದಿನದೊಳಗೆ ಆ ಊರಿನ ಪುರಸಭೆಗೆ ಹೋಗಿ ಹೆಸರಿನ ಸಮೇತ ನೋಂದಾಯಿಸಬೇಕು. ನಮ್ಮಲ್ಲಿ ಹುಟ್ಟನ್ನು 21 ದಿನದೊಳಗೆ ಬರೆಸಿದರೆ ಆಯಿತು, ಹೆಸರನ್ನು ಆಮೇಲೆ ಒಂದು ವರ್ಷದೊಳಗೆ ದುಡ್ಡಿಲ್ಲದೇ ಸೇರಿಸಬಹುದು. ಅದಕ್ಕೇ ನಮಗೆ ನಕ್ಷತ್ರ ನೋಡಿ, ಅಕ್ಷರ ನೋಡಿ, ಹನ್ನೆರಡನೇ ದಿನವೋ ಹದಿಮೂರನೇ ದಿನವೋ ತೊಟ್ಟಿಲು ಕಟ್ಟಿ, ಬೀಗರನ್ನು ಕರೆದು ಜಗಳ ಆಡೋಕೆ ಟೈಮ್ ಇದೆ. ಅವರಿಗೆ ಇಲ್ಲ. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಹೆಸರು ಗಟ್ಟಿಯಾಗಿರಬೇಕು.

ಹಿಂದೆ ಇನ್ನೂ ಬಿಗಿ ಇತ್ತು. 1803ರ ಕಾನೂನಿನ ಪ್ರಕಾರ ಕ್ಯಾಲೆಂಡರಿನಲ್ಲಿದ್ದ ಸಂತರ ಹೆಸರು, ಇಲ್ಲವೇ ಹಳೆಯ ಚರಿತ್ರೆಯ ಹೆಸರು, ಇಷ್ಟನ್ನೇ ಇಡಬೇಕಿತ್ತು. 1993ರಲ್ಲಿ ಆ ಕಟ್ಟು ಸಡಿಲಿಸಿದರು. ಈಗ ಇಷ್ಟ ಬಂದದ್ದು ಇಡಬಹುದು, ಆದರೆ ಮಗುವಿಗೆ ಮುಂದೆ ತೊಂದರೆ ಆಗುವ ಹೆಸರಾದರೆ ಅಧಿಕಾರಿ ಕೋರ್ಟಿಗೆ ತಿಳಿಸುತ್ತಾನೆ. ವಾಲೆಂಸಿಯೆನ್ ಅನ್ನೋ ಊರಿನಲ್ಲಿ ಒಬ್ಬರು 2014ರಲ್ಲಿ ಹುಟ್ಟಿದ ಮಗಳಿಗೆ ನುಟೆಲ್ಲಾ ಅಂತ ಹೆಸರಿಟ್ಟರು, ಬ್ರೆಡ್ಡಿಗೆ ಹಚ್ಚೋ ಚಾಕಲೇಟಿನ ಹೆಸರು. ಜಡ್ಜು ಆಗೋದಿಲ್ಲ ಅಂತ ಹೇಳಿ ಎಲ್ಲಾ ಅಂತ ಮಾಡಿದರು. ಇಂಥ ಕಾಯಿದೆ ಇರುವ ಊರಿನಲ್ಲಿ ಮಾರ್ಗೋಗೆ ಯಾರೂ ಚಕಾರ ಎತ್ತಿಲ್ಲ ಅಂದ ಮೇಲೆ ಓಣಿಯವರು ಯಾಕೆ ಎತ್ತಬೇಕು?

ಇಷ್ಟಕ್ಕೂ ನಿಮ್ಮ ಸೊಸೆ ಮಾಡಿದ್ದೇನು? ಅಜ್ಜಿಯ ಹೆಸರು ಮಗಳಿಗೆ ಇಟ್ಟಿದ್ದಾಳೆ. ನಮ್ಮ ಕಡೆ ಮಾಡೋದೂ ಅದನ್ನೇ ಅಲ್ವಾ? ನನಗಂತೂ ಅದು ಭಾಳ ಹಿಡಿಸಿತು. ಅಕ್ಷರ ಎಣಿಸಿ, ನ್ಯೂಮರಾಲಜಿ ನೋಡಿ, ಯಾರೂ ಕೇಳಿರದ ಎರಡಕ್ಷರದ ಹೆಸರು ಹುಡುಕುವ ಇವತ್ತಿನ ನಮ್ಮ ಹುಡುಗರಿಗಿಂತ ಆ ಹುಡುಗಿಯೇ ವಾಸಿ.

ತೊಟ್ಟಿಲ ಹೆಸರು ಧಾರಾಳವಾಗಿ ಬೇರೆ ಕರೆಯಿರಿ. ಕಾಗದದ ಹೆಸರು ಒಂದು, ತೊಟ್ಟಿಲ ಹೆಸರು ಒಂದು ಅನ್ನೋದು ನಮ್ಮಲ್ಲಿ ಹೊಸದಲ್ಲ. ಅರ್ಥ ಕೆಡಬಾರದು ಅಂದರೆ ಮುಕ್ತಾ ಇದೆ. ಸಂಸ್ಕೃತದಲ್ಲಿ ಅದು ಮುತ್ತೂ ಹೌದು, ಬಿಡುಗಡೆ ಪಡೆದವಳೂ ಹೌದು. ಹನ್ನೆರಡನೇ ಶತಮಾನದ ವಚನಕಾರ್ತಿ ಮುಕ್ತಾಯಕ್ಕ ನಮ್ಮ ಗದಗದ ಹತ್ತಿರದ ಲಕ್ಕುಂಡಿಯವಳು. ಅಚ್ಚ ನಮ್ಮದೇ ಬೇಕು ಅಂದರೆ ಮುತ್ತವ್ವ. ಈಗಿನವರು ಮೂಗು ಮುರಿದಾರು, ಆದರೆ ಮಾರ್ಗೋ ಅಂತ ಒಂದು ಹೆಸರಿರುವ ಹುಡುಗಿಗೆ ಮುತ್ತವ್ವ ಅಂತ ಇನ್ನೊಂದಿದ್ದರೆ ಏನು ನಷ್ಟ? ಐರ್ಲೆಂಡಿನಲ್ಲಿ 1867ರಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್‌ಗೆ 1898ರಲ್ಲಿ ಸ್ವಾಮಿ ವಿವೇಕಾನಂದರು ನಿವೇದಿತಾ ಅಂತ ಹೆಸರಿಟ್ಟರು. ಅವರನ್ನು ಈಗ ನಾವು ಸೋದರಿ ನಿವೇದಿತಾ ಅಂತಲೇ ನೆನೆಯೋದು.

ಕಾಗದದಲ್ಲೂ ಸೇರಬೇಕು ಅಂತ ಆಸೆ ಇದ್ದರೆ ದಾರಿ ಇದೆ. ಫ್ರಾನ್ಸಿನಲ್ಲಿ ಒಬ್ಬರಿಗೆ ಎರಡು ಮೂರು ಹೆಸರು ಇರೋದು ಮಾಮೂಲು. ಇನ್ನೊಂದನ್ನು ಸೇರಿಸೋಕೆ ಪುರಸಭೆಯಲ್ಲೇ ಅರ್ಜಿ ಕೊಡಬಹುದು, ಸರಿಯಾದ ಕಾರಣ ತೋರಿಸಬೇಕು. ಅದನ್ನು ಮಗ ಸೊಸೆ ನಿರ್ಧಾರ ಮಾಡಲಿ, ನೀವು ಒಂದು ಸಲ ಹೇಳಿ ಸುಮ್ನೆ ಇದ್ದುಬಿಡಿ. ತೊಟ್ಟಿಲ ದಿನ ಮಾತ್ರ ಪೂರ್ತಿ ನಿಮ್ಮದು. ಗುಂಡುಕಲ್ಲಿಗೆ ಕುಂಚಿಗೆ ಕಟ್ಟಿ, ಗುಗ್ಗರಿ ಹಂಚಿ, ಸೋದರತ್ತೆ ಕಿವಿಯಲ್ಲಿ ಮೊದಲು ಮಾರ್ಗೋ ಅನ್ನಲಿ, ಆಮೇಲೆ ನಿಮ್ಮ ಹೆಸರು ಹೇಳಲಿ. ಆ ಸೋದರತ್ತೆಯ ಬೆನ್ನಿಗೆ ಗುದ್ದು ಬೀಳುತ್ತದೆ ಅಂತ ಸೊಸೆಗೆ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ನಿಜವಾಗಲೂ ಹೊಡೆದಾಟ ಶುರುವಾಯಿತು ಅಂದುಕೊಂಡಾಳು.

ಪ್ರಶ್ನೆ: ನನ್ನ ಹೆಸರು ರೀಟಾ. ಮಾಸ್ತರರಾಗಿದ್ದ ಅಪ್ಪ ಇಟ್ಟದ್ದು. "ಕ್ರಿಶ್ಚನ್ ಹೆಸರು" ಅಂತ ಚಿಕ್ಕಂದಿನಿಂದ ಕೇಳಿ ಸಾಕಾಗಿದೆ. ಇದು ಎಲ್ಲಿಯ ಹೆಸರು?
— ಬೆಟಗೇರಿ, ಗದಗ

ಉತ್ತರ: ಮೇಲಿನ ಉತ್ತರ ಓದಿದಿರಾ? ನೀವೂ ಅದೇ ಮನೆಯವರು. ಮಾರ್ಗರೀತಾ ಹೆಸರಿನ ತಲೆ ಉಳಿಸಿಕೊಂಡರೆ ಮಾರ್ಗೋ, ಬಾಲ ಉಳಿಸಿಕೊಂಡರೆ ರೀಟಾ. ಇಟಲಿಯ ಕಾಶಿಯಾ ಊರಿನ ಸಂತ ರೀಟಾ 1457ರಲ್ಲಿ ತೀರಿಕೊಂಡವರು, ಅವರ ಪೂರ್ತಿ ಹೆಸರು ಮಾರ್ಗೆರೀಟಾ. ಗ್ರೆಟಾ, ಮೆಗ್, ಪೆಗ್ಗಿ, ಇವೆಲ್ಲ ಇದೇ ಹೆಸರಿನ ತುಂಡುಗಳು. ಆದರೆ ನಮ್ಮಲ್ಲಿ ರೀಟಾ ಅಂತ ಇಟ್ಟವರೆಲ್ಲ ಇಟಲಿಯನ್ನು ನೆನೆದು ಇಟ್ಟವರಲ್ಲ. ಸಂಸ್ಕೃತದ ಋತ, ಅಂದರೆ ಸತ್ಯ, ಅದರಿಂದ ಋತಾ ಅಂತ ಇಡುವವರಿದ್ದಾರೆ, ಇಂಗ್ಲಿಷಿನಲ್ಲಿ ಬರೆದಾಗ ಅದೂ ರೀಟಾ ಆಗುತ್ತದೆ. ನಿಮ್ಮ ತಂದೆ ಮಾಸ್ತರರು ಅಂದಿರಿ. ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟರು ಅಂತ ಮನೆಯ ಹಿರಿಯರನ್ನೇ ಕೇಳಿ. ಮುತ್ತೋ ಸತ್ಯವೋ, ಎರಡರಲ್ಲಿ ಯಾವುದಾದರೂ ತಕರಾರು ಮಾಡುವಂಥದ್ದಲ್ಲ.

ಪ್ರಶ್ನೆ: ಮನೆಯಲ್ಲಿ ಕೇಕ್ ಮಾಡಿ ಮಾರುತ್ತೇನೆ. ಮಾರ್ಗರಿನ್ ಹೆಸರೂ ಯಾರೋ ಮಾರ್ಗರೇಟಮ್ಮನಿಂದ ಬಂದದ್ದಾ? ಅದು ದನದ ಕೊಬ್ಬು ಅಂತ ಒಬ್ಬ ಗಿರಾಕಿ ಹೆದರಿಸಿದರು.
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಾರ್ಗರೇಟಮ್ಮ ಯಾರೂ ಇಲ್ಲ, ಮುತ್ತು ಮಾತ್ರ ಇದೆ. ಫ್ರಾನ್ಸಿನ ವಿಜ್ಞಾನಿ ಶೆವ್ರೋಲ್ 1813ರಲ್ಲಿ ಕೊಬ್ಬಿನಿಂದ ಒಂದು ಆಮ್ಲ ಬೇರ್ಪಡಿಸಿದರು, ಅದು ಮುತ್ತಿನ ಥರ ಹೊಳೆಯುತ್ತಿತ್ತು ಅಂತ ಆ ಗ್ರೀಕ್ ಮಾತಿನಿಂದ ಅದಕ್ಕೆ ಹೆಸರಿಟ್ಟರು. 1869ರಲ್ಲಿ ಮೆಜ್ ಮೂರಿಯೆ ಅನ್ನೋರು ಬೆಣ್ಣೆಗೆ ಬದಲು ಅಗ್ಗದ ಜಿಡ್ಡು ತಯಾರಿಸಿದಾಗ ಅದೇ ಹೆಸರು ಅಂಟಿಕೊಂಡಿತು. ಅವರು ಬಳಸಿದ್ದು ದನದ ಕೊಬ್ಬೇ, ಅಷ್ಟರ ಮಟ್ಟಿಗೆ ನಿಮ್ಮ ಗಿರಾಕಿ ಸುಳ್ಳು ಹೇಳಿಲ್ಲ. ಈಗ ಸಾಮಾನ್ಯವಾಗಿ ಸಿಗೋದು ಸಸ್ಯದ ಎಣ್ಣೆಯಿಂದ ಮಾಡಿದ್ದು. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ತನ್ನಿ, ಗಿರಾಕಿಗೂ ಅದನ್ನೇ ತೋರಿಸಿ.

ಪ್ರಶ್ನೆ: ನಾವು ಆಸ್ಟರ್ ಹೂ ಬೆಳೆಯುತ್ತೇವೆ. ಪರಿಚಯದವರೊಬ್ಬರು ಫ್ರಾನ್ಸಿನಿಂದ ಬೀಜದ ಪ್ಯಾಕೆಟ್ ತಂದುಕೊಟ್ಟರು. ಚಿತ್ರ ನಮ್ಮ ಆಸ್ಟರ್‌ನದೇ, ಬರೆದಿರೋದು ಮಾತ್ರ "ರೇನ್ ಮಾರ್ಗರೀತ್" ಅಂತ. ಇದು ಬೇರೆ ತಳಿಯಾ? ಹಾಕಬಹುದಾ?
— ಹೂವಿನ ರೈತ, ಹಾವೇರಿ

ಉತ್ತರ: ಈ ವಾರ ಮಾರ್ಗರೀತಮ್ಮನದೇ ದರ್ಬಾರು! ಅದು ತಳಿಯ ಹೆಸರಲ್ಲ, ಆಸ್ಟರ್‌ಗೆ ಫ್ರೆಂಚರು ಇಟ್ಟ ಹೆಸರೇ ಅದು. ಅವರ ಹುಲ್ಲುಗಾವಲಿನಲ್ಲಿ ತಾನಾಗೇ ಬೆಳೆಯುವ ಒಂದು ಹೂವಿದೆ, ನಡುವೆ ಹಳದಿ ಬೊಟ್ಟು, ಸುತ್ತ ಬಿಳಿ ಎಸಳು. ಅದಕ್ಕೆ ಮುತ್ತಿನ ಹೆಸರೇ ಇಟ್ಟು ಮಾರ್ಗರೀತ್ ಅಂದರು. ಇಂಗ್ಲಿಷಿನಲ್ಲಿ ಅದು ಡೇಸಿ. ಹುಡುಗ ಹುಡುಗಿಯರು ಅದರ ಒಂದೊಂದೇ ಎಸಳು ಕೀಳುತ್ತಾ ಪ್ರೀತಿ ಇದೆಯೋ ಇಲ್ಲವೋ ಅಂತ ನೋಡೋದು. ಫ್ರೆಂಚರ ಲೆಕ್ಕದಲ್ಲಿ ಬರೀ ಇದೆ, ಇಲ್ಲ ಅಂತಲ್ಲ. ಸ್ವಲ್ಪ, ಜಾಸ್ತಿ, ಜೀವ ಬಿಡುವಷ್ಟು, ಹುಚ್ಚು ಹಿಡಿಯುವಷ್ಟು, ಒಂಚೂರೂ ಇಲ್ಲ ಅಂತ ಐದು ಮೆಟ್ಟಿಲು. ಹದಿನೆಂಟನೇ ಶತಮಾನದಲ್ಲಿ ಚೀನಾದಿಂದ ಆಸ್ಟರ್ ಬಂದಾಗ ಅದು ಇದಕ್ಕಿಂತ ದೊಡ್ಡದು, ಬಣ್ಣಬಣ್ಣದ್ದು, ಹಾಗಾಗಿ ಅದಕ್ಕೆ ರೇನ್, ಅಂದರೆ ರಾಣಿ ಸೇರಿಸಿದರು.

ಹಾಕಬಹುದಾ ಅಂದರೆ, ನಾಲ್ಕು ಮಡಿ ಹಾಕಿ ನೋಡಿ. ಪೇಟೆಗೆ ಕಳಿಸುವ ಬೆಳೆಯನ್ನೇ ಅದರ ಮೇಲೆ ನಿಲ್ಲಿಸಬೇಡಿ. ಅಲ್ಲಿಯ ತಂಪಿಗೆ ಮಾಡಿದ ಬೀಜ, ನಮ್ಮ ಬಿಸಿಲಿಗೆ ಹೇಗೆ ಬರುತ್ತದೋ ಏನೋ. ಬಿಡಿ ಹೂವಿಗೆ, ಹಾರಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳೇ ಇವೆ. ಪೂರ್ಣಿಮಾ, ಶಶಾಂಕ್ ಬಿಳಿ, ಕಾಮಿನಿ ಗುಲಾಬಿ ಬಣ್ಣ. ಮತ್ತೆ ಒಂದೇ ಜಾಗದಲ್ಲಿ ವರ್ಷ ವರ್ಷ ಆಸ್ಟರ್ ಹಾಕಬೇಡಿ, ಸೊರಗು ರೋಗ ಮಣ್ಣಿನಲ್ಲೇ ಕೂತಿರುತ್ತದೆ, ಗಿಡ ಮೊಗ್ಗಿಗೆ ಬಂದಾಗ ಜೋತುಬೀಳುತ್ತದೆ. ಆ ಫ್ರಾನ್ಸಿನ ಪ್ಯಾಕೆಟ್ ಮೇಲೆ ತಾರೀಖು ನೋಡಿ. ಆಸ್ಟರ್ ಬೀಜ ಜಾಸ್ತಿ ದಿನ ಬಾಳೋದಿಲ್ಲ, ವರ್ಷ ದಾಟಿದ್ದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒಂದಿಷ್ಟು ಕಟ್ಟಿಟ್ಟು ಎಷ್ಟು ಮೊಳಕೆ ಬರುತ್ತವೆ ಅಂತ ಎಣಿಸಿ, ಆಮೇಲೆ ಮಡಿ ಮಾಡಿ.